ಬರೆದವಳಿಗೆ ಮಾತ್ರ ಕಂಡ ಎಚ್ಚರಿಕೆ

"ಈ ಕೊನೇ ಸಾಲು ಪೊಲೀಸರ ಕಣ್ಣಿಗೆ ಬೀಳಲೇ ಇಲ್ವಾ?"

ತಂಗಿ ಕಾಗದವನ್ನು ಎರಡು ಬೆರಳಿನಿಂದ ಮೇಜಿಗೆ ಒತ್ತಿ ಹಿಡಿದಿದ್ದಳು. ಬೆರಳು ತೆಗೆದರೆ ಫ್ಯಾನಿನ ಗಾಳಿಗೆ ಅದು ಕಿಟಕಿ ದಾಟಿ ಹೋಗುವುದು ಖಂಡಿತ. ಕಿಟಕಿಯಾಚೆ ಕೆಳಗಿನ ಕನ್ನಡಕದಂಗಡಿಯ ಬೋರ್ಡಿನ ಬೆನ್ನು ಕಾಣುತ್ತಿತ್ತು. ಆಳುದ್ದದ ಕನ್ನಡಕ, ಹಿಂದಿನಿಂದ ಬರೀ ತುಕ್ಕು ಹಿಡಿದ ತಗಡು.

"ಬಿತ್ತು ಮೇಡಂ. ತಲೆಗೆ ಹೋಗಲಿಲ್ಲ ಅಷ್ಟೆ," ಎಂದ ಥೀಮಿನವನು.

ವೆಬ್‌ಸೈಟುಗಳಿಗೆ ಬಣ್ಣ, ಅಕ್ಷರ, ಅಂಚು, ಅಂದ ಹೊಂದಿಸಿಕೊಡುವುದು ಅವನ ಕಸುಬು. ಆ ಅಂದಕ್ಕೆಲ್ಲ ಸೇರಿ ಥೀಮ್ ಎಂದು ಹೆಸರು. ಅದೇ ಅವನ ಹೆಸರೂ ಆಗಿಹೋಗಿತ್ತು. ಐವತ್ತರ ಆಸುಪಾಸಿನ ದಪ್ಪ ಆಳು. ಮಾತು ಮಾತಿಗೆ ನಗುವ ಅಭ್ಯಾಸ. ಇವತ್ತು ಮಾತ್ರ ಅವನ ನಗು ತುಟಿಯಿಂದ ಮೇಲೆ ಹತ್ತುತ್ತಿರಲಿಲ್ಲ. ತಂಗಿ ಅದನ್ನು ಗಮನಿಸಿದ್ದಳು. ಸುಳ್ಳು ವಿಮೆ ಅರ್ಜಿಗಳ ಬೆನ್ನು ಹತ್ತಿ ಹೊಟ್ಟೆ ಹೊರೆಯುವ ಪತ್ತೇದಾರಿಣಿ ಅವಳು. ಮುಖ ನೋಡುವುದೇ ಅವಳ ದುಡಿಮೆ. ಈ ಸಲ ಮಾತ್ರ ಆರೋಪಿ ಒಡಹುಟ್ಟಿದ ಅಕ್ಕ.

ಅಕ್ಕನ ‘ಮನೆ ಒಪ್ಪ’ ಬ್ಲಾಗನ್ನು ಓದಿಕೊಂಡು ಬಾಡಿಗೆ ಮನೆಯ ಬಚ್ಚಲು ತೊಳೆಯಲು ಹೋದ ನರ್ಸರಿ ಶಿಕ್ಷಕಿಯೊಬ್ಬಳು, ಮುಚ್ಚಿದ ಬಾಗಿಲ ಹಿಂದೆ ಬ್ಲೀಚಿನ ಮೇಲೆ ಆಸಿಡ್ ದ್ರಾವಣ ಸುರಿದು, ಗಂಟಲಿಗೆ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಪೋಸ್ಟಿನಲ್ಲಿ ಎಚ್ಚರಿಕೆಯೇ ಇರಲಿಲ್ಲ ಎಂದು ಪೊಲೀಸರು, ಇತ್ತು ಎಂದು ಅಕ್ಕ.

ಪೊಲೀಸರು ಆ ಪೋಸ್ಟನ್ನು ಎರಡು ಬಗೆಯಲ್ಲಿ ಅಚ್ಚು ತೆಗೆದಿದ್ದರು. ಒಂದು, ಓದುಗರಿಗೆ ಕಾಣುವಂತೆ. ಇನ್ನೊಂದು, ಒಳಗೆ ಅಕ್ಕ ಟೈಪ್ ಮಾಡಿದಂತೆ. ಒಳಗಿನದರ ಕೊನೆಯಲ್ಲಿ, ಚೌಕ ಕಂಸಗಳ ನಡುವೆ, ಒಂಟಿ ಪದವೊಂದು ಕೂತಿತ್ತು.

[ಎಚ್ಚರ]

ಹೊರಗಿನದರಲ್ಲಿ ಅದೇ ಜಾಗ ಖಾಲಿ.

"ಪೊಲೀಸರು ಏನು ಬರೆದಿದ್ದಾರೆ ಗೊತ್ತಾ? ‘ಎಚ್ಚರಿಕೆ ಬರೆಯಲು ಹೊರಟು ಅರ್ಧಕ್ಕೇ ಕೈಬಿಟ್ಟಿರುತ್ತಾರೆ’ ಅಂತ. ಅಪಾಯ ಇದೆ ಅಂತ ಗೊತ್ತಿದ್ದೂ ಸೋಮಾರಿತನ ಮಾಡಿದಳು ಅಂತ ಆಯ್ತು. ಏನೂ ಬರೀದೆ ಇದ್ದಿದ್ರೇ ವಾಸಿಯಿತ್ತು."

"ಅಯ್ಯೋ, ಅದು ಅರ್ಧ ಬರೆದದ್ದಲ್ಲ ಮೇಡಂ. ಅದು ಶಾರ್ಟ್‌ಕೋಡು. ನಾನೇ ಮಾಡಿಕೊಟ್ಟಿದ್ದು."

"ನನಗೆ ಅರ್ಥ ಆಗೋ ಹಾಗೆ ಹೇಳಿ."

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನಿಮ್ಮ ಅಕ್ಕನಿಗೆ ಒಂದೇ ಎಚ್ಚರಿಕೆ ನೂರೆಂಟು ಪೋಸ್ಟಿನಲ್ಲಿ ಬೇಕಿತ್ತು. ಕೆಂಪು ಅಂಚಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಮಾತು. ಪ್ರತಿ ಸಲ ಬರೀತಾ ಕೂತ್ರೆ ಒಂದು ಕಡೆ ಒಂದು ಮಾತು ಬಿಟ್ಟುಹೋಗುತ್ತೆ ಅಂತ ಅವರಿಗೆ ಹೆದರಿಕೆ. ಆ ಪೆಟ್ಟಿಗೇನ ಒಂದು ತುಣುಕು ಮಾಡಿ ಥೀಮಿನೊಳಗೆ ಇಟ್ಟೆ. ಅವರು ಪೋಸ್ಟಿನಲ್ಲಿ ಈ ಕಂಸದ ಪದ ಒಂದು ಹಾಕಿದ್ರೆ ಸಾಕು. ಪುಟ ತೆರೆದಾಗ ಆ ಪದ ಹೋಗಿ, ಅದರ ಜಾಗಕ್ಕೆ ತುಣುಕು ಬಂದು ಕೂರುತ್ತೆ."

"ಮನೆಯ ಎಲ್ಲ ನಲ್ಲಿಗೂ ಒಂದೇ ಟ್ಯಾಂಕಿ ಇದ್ದ ಹಾಗೆ."

"ಹಾಂ! ಅದೇ. ಟ್ಯಾಂಕಿಯಲ್ಲಿ ನೀರಿನ ಬಣ್ಣ ಬದಲಾದ್ರೆ ಎಲ್ಲ ನಲ್ಲಿಯಲ್ಲೂ ಬದಲು."

"ಟ್ಯಾಂಕಿ ಖಾಲಿಯಾದ್ರೆ?"

ಅವನ ನಗು ಅಲ್ಲಿಗೇ ನಿಂತಿತು.

ತಂಗಿ ತನ್ನ ಫೋನಿನಲ್ಲಿ ‘ಮನೆ ಒಪ್ಪ’ ತೆರೆದು ಹಳೆಯ ಪೋಸ್ಟುಗಳನ್ನು ಒಂದೊಂದಾಗಿ ಕೆಳಗೆ ಸರಿಸಿದಳು. ಅಡುಗೆಮನೆಯ ಜಿಡ್ಡು ತೆಗೆಯುವುದು, ತುಕ್ಕಿನ ಕಲೆ, ಸಿಂಕಿನ ವಾಸನೆ. ಎಲ್ಲದರ ಕೊನೆಯಲ್ಲೂ ಅದೇ ಖಾಲಿ. ಒಂದು ಪೋಸ್ಟಿನಲ್ಲಿ ಮರೆತರೆ ಮರೆವು. ಎಲ್ಲದರಲ್ಲೂ?

"ಸೈಟು ಕೆಟ್ಟಿರಬಹುದು. ಏನಾದ್ರೂ ಹೊಸದು ಹಾಕೋವಾಗ ತುಣುಕು ಕಳಚಿಕೊಂಡಿರಬಹುದು," ಎಂದಳು, ಅವನು ಏನು ಹೇಳುತ್ತಾನೆ ಎಂದು ನೋಡಲಿಕ್ಕೆಂದೇ.

ಹೌದು ಎಂದುಬಿಟ್ಟಿದ್ದರೆ ಅವನಿಗೂ ಸುಲಭವಾಗುತ್ತಿತ್ತು. ಆದರೆ ಕಸುಬಿನ ಅಭಿಮಾನ ಅಡ್ಡ ಬಂತು. "ಕಳಚಿಕೊಂಡಿದ್ರೆ ಖಾಲಿ ಇರಲ್ಲ ಮೇಡಂ. ಪದ ಬದಲಾಗದೆ ಹಾಗೇ ಉಳಿದುಬಿಡುತ್ತೆ. ಕಂಸ ಸಮೇತ ಪುಟದ ಮೇಲೆ ಹಲ್ಲು ಕಿರಿದುಕೊಂಡು ನಿಂತಿರುತ್ತೆ. ಓದೋರೆಲ್ಲ ನಗ್ತಾರೆ."

"ಇಲ್ಲಿ ಪದ ಇಲ್ಲ."

"ಇಲ್ಲ."

"ಅಂದ್ರೆ ಅದು ಸರಿಯಾಗೇ ಕೆಲಸ ಮಾಡ್ತಿದೆ. ಒಳಗೆ ಹೋಗಿ, ಬರಿಗೈಯಲ್ಲಿ ವಾಪಸ್ ಬರ್ತಿದೆ."

ಥೀಮಿನವನು ಕಿವಿಯ ತುದಿಯನ್ನು ತಿಕ್ಕಿಕೊಂಡ. ತನಗೇ ಈ ಯೋಚನೆ ಮೊದಲು ಬರಬೇಕಿತ್ತು ಎಂಬ ನಾಚಿಕೆಯೋ, ಬಂದಿತ್ತು ಎಂಬ ಭಯವೋ, ತಂಗಿಗೆ ತಿಳಿಯಲಿಲ್ಲ.

"ತುಣುಕು ತೆಗೆದು ತೋರಿಸಿ."

"ಪೊಲೀಸರು ಏನೂ ಮುಟ್ಟಬೇಡಿ ಅಂದಿದ್ದಾರೆ."

"ಮುಟ್ಟಬೇಡಿ. ತೋರಿಸಿ."

ಪರದೆಯ ಮೇಲೆ ಕಡತಗಳ ಸಾಲು ತೆರೆದುಕೊಂಡಿತು. ಅದರಲ್ಲೊಂದನ್ನು ಅವನು ಒತ್ತಿದ. ಖಾಲಿ ಹಾಳೆಯನ್ನು ಎದುರುನೋಡುತ್ತಿದ್ದ ತಂಗಿ ಪರದೆಯತ್ತ ಬಾಗಿದಳು.

ಎಚ್ಚರಿಕೆ ಅಲ್ಲೇ ಇತ್ತು. ಒಂದಕ್ಷರವೂ ಕಡಿಮೆಯಾಗಿರಲಿಲ್ಲ.

‘ಬ್ಲೀಚ್, ಆಸಿಡ್ ಇವೆರಡನ್ನೂ ಒಟ್ಟಿಗೆ ಬಳಸಬೇಡಿ. ಒಂದು ಹಾಕಿದ ಕಡೆ ಇನ್ನೊಂದನ್ನು ಸುರಿಯಲೂ ಬೇಡಿ. ಕಿಟಕಿ, ಬಾಗಿಲು ತೆರೆದಿರಲಿ. ಕಣ್ಣು ಉರಿದರೆ ಕೆಲಸ ಹಾಗೇ ಬಿಟ್ಟು ಹೊರಗೆ ಬನ್ನಿ, ಬಚ್ಚಲು ಎಲ್ಲಿಗೂ ಓಡಿಹೋಗುವುದಿಲ್ಲ.’

ಕೊನೆಯ ಮಾತು ಅಕ್ಕನದೇ. ಚಿಕ್ಕಂದಿನಿಂದಲೂ ಹಾಗೇ ಅವಳು, ಗದರಿಸುವಾಗಲೂ ಒಂದು ತಮಾಷೆ ಸೇರಿಸುತ್ತಿದ್ದಳು.

"ಮತ್ತೆ ಯಾಕೆ ಕಾಣಲ್ಲ?"

ಎಚ್ಚರಿಕೆಯ ಮೇಲಿದ್ದ ಒಂದು ಪುಟ್ಟ ಸಾಲಿನ ಮೇಲೆ ಥೀಮಿನವನ ಕಣ್ಣು ನೆಟ್ಟಿತ್ತು.

"ಇದನ್ನ ಇಲ್ಲಿ ಹಾಕಿದ್ದು ನಾನಲ್ಲ," ಎಂದ ಕೊನೆಗೆ.

"ಏನದು?"

"ಒಂದು ಷರತ್ತು. ನೋಡೋರು ಪಾಸ್‌ವರ್ಡ್ ಹಾಕಿ ಸೈಟಿನ ಒಳಗೆ ಬಂದೋರಾದ್ರೆ ಪೆಟ್ಟಿಗೆ ತೋರಿಸು. ಹೊರಗಿನವರಾದ್ರೆ ಏನೂ ತೋರಿಸಬೇಡ."

ಅವನು ತನ್ನ ಪರದೆಯಲ್ಲಿ ಬಚ್ಚಲಿನ ಪೋಸ್ಟ್ ತೆರೆದ. ಕೊನೆಯಲ್ಲಿ ಕೆಂಪು ಪೆಟ್ಟಿಗೆ ಢಾಳಾಗಿ ಕೂತಿತ್ತು. ತಂಗಿಯ ಫೋನಿನಲ್ಲಿ ಅದೇ ಪೋಸ್ಟು, ಅದೇ ಕೊನೆ. ಖಾಲಿ.

ಅವಳು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದಳು.

ಅಕ್ಕ ಯಾವಾಗಲೂ ಒಳಗಿನಿಂದಲೇ ನೋಡುತ್ತಿದ್ದವಳು. ಬರೆಯುವವಳು ಅವಳು, ಅವಳ ಲ್ಯಾಪ್‌ಟಾಪು ಸದಾ ಸೈಟಿನೊಳಗೇ ಇರುತ್ತಿತ್ತು. ‘ಕಣ್ಣಾರೆ ದಿನಾ ನೋಡ್ತಿದ್ದೆ’ ಎಂದು ಪೊಲೀಸರ ಮುಂದೆ ಅತ್ತಿದ್ದಳು. ಪೊಲೀಸರು ಅವಳ ಲಾಗಿನ್ ಮುಚ್ಚಿಸಿದ ಮೇಲೆ ಮೊದಲ ಬಾರಿ ಹೊರಗಿನಿಂದ ನೋಡಿದಳು. ಪೆಟ್ಟಿಗೆ ಇರಲಿಲ್ಲ. ಅವತ್ತಿನಿಂದ ಅವಳು ತನ್ನ ತಲೆಯನ್ನೇ ನಂಬುವುದನ್ನು ಬಿಟ್ಟಿದ್ದಳು. ‘ನನಗೆ ಭ್ರಮೆ ಇರಬೇಕು. ಬರೆದೆ ಅಂದುಕೊಂಡೆ, ಬರೆದಿರಲಿಲ್ಲ’ ಎಂದು ವಕೀಲರಿಗೆ ಹೇಳಿ ತಪ್ಪೊಪ್ಪಿಗೆ ಸಿದ್ಧ ಮಾಡಿಸಿದ್ದಳು. ಇವತ್ತು ಸಂಜೆ ಅದಕ್ಕೆ ಸಹಿ. ಸಹಿ ಬಿದ್ದರೆ ಜೈಲು.

ಇದು ಕೈತಪ್ಪಲ್ಲ. ಎಚ್ಚರಿಕೆಯನ್ನು ಓದುಗರಿಂದ ಬಚ್ಚಿಟ್ಟು, ಬರೆದವಳ ಕಣ್ಣಿಗೆ ಮಾತ್ರ ತೋರಿಸಿದ ಯಾರೋ ಒಬ್ಬರಿದ್ದರು. ಅಕ್ಕ ಎಲ್ಲಿ ಕೂತು, ಹೇಗೆ ನೋಡುತ್ತಾಳೆ ಎಂದು ಬಲ್ಲವರು.

"ಯಾವಾಗ ಸೇರಿಸಿದ್ದು? ಯಾರು?"

"ಗೊತ್ತಾಗಲ್ಲ ಮೇಡಂ. ಪೋಸ್ಟಿಗಾದ್ರೆ ಪ್ರತಿ ತಿದ್ದುಪಡಿಯ ಹಳೇ ಪ್ರತಿ ಉಳಿಯುತ್ತೆ. ಥೀಮಿನ ತುಣುಕಿಗೆ ಹಾಗಿಲ್ಲ. ಹಳೇದರ ಮೇಲೇ ಹೊಸದು ಬೀಳುತ್ತೆ. ಹಳೇ ಪ್ರತಿ ಇಟ್ಟುಕೊಳ್ಳೋ ವ್ಯವಸ್ಥೆ ನಾನು ಮಾಡಬೇಕಿತ್ತು, ಮಾಡಿರಲಿಲ್ಲ."

"ಪೊಲೀಸರು ಪೋಸ್ಟಿನ ಚರಿತ್ರೆ ಎಲ್ಲಾ ಜಾಲಾಡಿದ್ರು. ಯಾರೂ ಏನೂ ಬದಲಿಸಿಲ್ಲ ಅಂತ ಬರೆದುಕೊಂಡ್ರು."

"ಪೋಸ್ಟಿನಲ್ಲಿ ಬದಲಾಗಿಲ್ವಲ್ಲ."

"ತುಣುಕು ತಿದ್ದೋ ಹಕ್ಕು ಯಾರಿಗಿದೆ?"

"ನಿಮ್ಮ ಅಕ್ಕನಿಗಿಲ್ಲ. ಅವರದು ಬರೆಯೋ ಲಾಗಿನ್ನು ಅಷ್ಟೆ. ನನಗಿದೆ. ಮತ್ತೆ..."

"ಮತ್ತೆ ಭಾವನಿಗೆ," ತಂಗಿಯೇ ಮುಗಿಸಿದಳು. ಸೈಟಿನ ಕೆಲಸವೆಲ್ಲ ನೋಡಿಕೊಳ್ಳುವವನು ಅಕ್ಕನ ಗಂಡನೇ.

"ಅವರು ಒಂದು ಸಲ ಇಲ್ಲಿಗೆ ಬಂದಿದ್ರು. ಒಳಗಿನವರಿಗೆ ಮಾತ್ರ ಕಾಣೋ ಹಾಗೆ ಏನಾದ್ರೂ ಬರೆಯೋದು ಹೇಗೆ ಅಂತ ಕೇಳಿದ್ರು. ಅವಳಿಗೇ ಅಂತ ಒಂದೆರಡು ಟಿಪ್ಪಣಿ ಬಿಡಬೇಕು, ಓದುಗರಿಗೆ ಕಾಣಬಾರದು ಅಂದ್ರು. ಹೆಂಡತಿ ಮೇಲೆ ಎಷ್ಟು ಪ್ರೀತಿ ಅಂದುಕೊಂಡೆ. ಸಾಲು ಬರೆದು ಕೊಟ್ಟೆ." ಅವನು ಪರದೆಯತ್ತ ಕೈ ತೋರಿಸಿದ. "ಇದೇ ಸಾಲು. ನನ್ನ ಕೈಯಾರೆ ಕೊಟ್ಟದ್ದು."

ತಂಗಿ ಪರದೆಯ ಫೋಟೋ ತೆಗೆದುಕೊಂಡಳು. ಫೋಟೋದಿಂದ ಹೆಚ್ಚೇನೂ ಆಗದು; ತಾನು ಬರುವ ಮುಂಚೆ ಥೀಮಿನವನೇ ಟೈಪ್ ಮಾಡಿಟ್ಟ ಎಂದರೆ ಮುಗಿಯಿತು. ಪೊಲೀಸರ ಕಂಪ್ಯೂಟರಿನವರು ತಾವೇ ತೆರೆದು ನೋಡಬೇಕು. ವಕೀಲರಿಗೆ ಫೋನ್ ಮಾಡಿದಳು. ಊಟ ಮುಗಿಸಿ ಅವರನ್ನು ಕರೆದುಕೊಂಡು ಇಲ್ಲಿಗೇ ಬರುತ್ತೇನೆಂದು ವಕೀಲರು ಒಪ್ಪಿದರು.

"ಅವರು ಬರೋತನಕ ಇದನ್ನ ತಿದ್ದಬೇಡಿ, ಮುಚ್ಚಬೇಡಿ. ಉಸಿರು ಕೂಡ ಬಿಡಬೇಡಿ."

"ನನಗೇನೂ ಆಗಲ್ವಲ್ಲ ಮೇಡಂ?"

"ಆ ಹುಡುಗಿ ಬದುಕಿಕೊಂಡ್ರೆ ಯಾರಿಗೂ ಏನೂ ಆಗಲ್ಲ ಅನ್ನೋ ಆಸೆ ನನಗೂ ಇದೆ," ಎಂದು ತಂಗಿ ಮೆಟ್ಟಿಲಿಳಿದಳು.

ಅಕ್ಕನ ಮನೆಯಲ್ಲಿ ಭಾವ ಇಸ್ತ್ರಿ ಮಾಡುತ್ತಿದ್ದ. ಮಡಚಿದ ಅಂಗಿಗಳು ಒಂದರ ಮೇಲೊಂದು, ಕಾಲರುಗಳೆಲ್ಲ ಒಂದೇ ದಿಕ್ಕಿಗೆ. ಈ ಮನೆಯಲ್ಲಿ ಚಮಚಗಳೂ ಸಾಲಾಗಿ ಮಲಗುತ್ತಿದ್ದವು. ಡಬ್ಬಿಗಳ ಮೇಲೆ ಅಕ್ಕನ ದುಂಡನೆಯ ಅಕ್ಷರದ ಚೀಟಿಗಳು. ಒಳಕೋಣೆಯ ಬಾಗಿಲು ಮುಚ್ಚಿತ್ತು.

"ಮಾತ್ರೆ ತಗೊಂಡು ಮಲಗಿದ್ದಾಳೆ. ಎಬ್ಬಿಸಬೇಡ," ಎಂದ ಭಾವ.

"ನಿಮ್ಮ ಹತ್ರಾನೇ ಮಾತಾಡೋದಿತ್ತು."

"ಏನಮ್ಮಾ, ಪತ್ತೇದಾರಿಕೆ ಮನೆಯೊಳಗೂ ಕಾಲಿಟ್ಟಿತಾ? ಹೇಳಿದ್ರೆ ಕಾಲೊರೆಸು ಬದಲಾಯಿಸಿ ಇಡ್ತಿದ್ದೆ."

ತಂಗಿ ನಗಲಿಲ್ಲ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. "ಕೂತ್ಕೊಳ್ಳಿ ಭಾವ. ಕೈ ಮೇಜಿನ ಮೇಲಿಡಿ, ಅದು ನಡುಗುತ್ತಾ ನೋಡಬೇಕು."

ಭಾವ ಕೂತ. ನಿಜಕ್ಕೂ ಎರಡು ಅಂಗೈಗಳನ್ನೂ ಮೇಜಿನ ಮೇಲೆ ಹರಡಿದ, ತಮಾಷೆಗೆಂಬಂತೆ.

"ಅಕ್ಕನಿಗೆ ಮಾತ್ರ ಕಾಣೋ ಟಿಪ್ಪಣಿ ಬರೆಯೋದು ಹೇಗೆ ಅಂತ ಕಲಿತ್ರಂತೆ. ಎಷ್ಟು ಟಿಪ್ಪಣಿ ಬರೆದ್ರಿ?"

ತಮಾಷೆ ಅಲ್ಲಿಗೆ ಮುಗಿಯಿತು.

"ಆ ಬಾಯಿಬಡುಕ ಹೇಳಿದ್ನಾ?"

"ಸಾಲೇ ಹೇಳ್ತು. ಇವತ್ತೂ ಅಲ್ಲೇ ಇದೆ. ತೆಗೆಯೋ ಬುದ್ಧಿಯೂ ಬರಲಿಲ್ವಾ ನಿಮಗೆ?"

"ತೆಗೆದ್ರೆ ಪೆಟ್ಟಿಗೆ ದಿಢೀರ್ ಅಂತ ಕಾಣುತ್ತೆ. ಪೊಲೀಸರು ಆಗಲೇ ಅಚ್ಚು ಹಾಕಿಸಿಕೊಂಡಿದ್ರು. ಹೆದರಿದೆ." ಹೀಗೆಂದ ಮೇಲೆ ತಾನು ಒಪ್ಪಿಕೊಂಡಾಯಿತು ಎಂಬುದು ಅವನಿಗೂ ಹೊಳೆಯಿತು. ಭುಜಗಳು ಕುಸಿದವು.

"ಯಾಕೆ ಭಾವ?"

"ಆ ದ್ರಾವಣದ ಕಂಪನಿಯವರು ಬಂದಿದ್ರು. ತಮ್ಮ ಬಾಟಲಿಯ ಚಿತ್ರದ ಕೆಳಗೇ ಕೆಂಪು ಪೆಟ್ಟಿಗೆ, ನೋಡಿದವರು ವಿಷ ಅಂದುಕೊಳ್ತಾರೆ ಅಂದ್ರು. ನಾನು ತೆಗೆಸ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಇವಳನ್ನ ಕೇಳಿದ್ರೆ, ಪೆಟ್ಟಿಗೆ ತೆಗೆಯೋ ಬದಲು ನನ್ನ ಕೈ ಕತ್ತರಿಸಿ ಅಂದಳು. ಅವರೆಲ್ಲರ ಎದುರಿಗೇ. ಅವರು ನನ್ನ ಮುಖ ನೋಡಿ ನಕ್ಕರು."

"ಅದಕ್ಕೆ?"

"ನಿನಗೇನು ಗೊತ್ತು! ನಾನಿದ್ದ ಕೆಲಸ ಬಿಟ್ಟು ಇವಳ ಸೈಟಿಗೆ ನಿಂತೆ. ಚಿತ್ರ ತೆಗೆಯೋನು ನಾನು. ಓದುಗರ ಫೋನಿಗೆ ಉತ್ತರ ಕೊಡೋನು ನಾನು. ಎಲ್ಲಿ ಹೋದ್ರೂ ನಾನು ‘ಮನೆ ಒಪ್ಪ ಅಕ್ಕನ ಗಂಡ’. ನನಗೂ ಒಂದು ಹೆಸರಿದೆ ಅಂತ ಈ ಊರಿಗೇ ಮರೆತುಹೋಗಿದೆ. ಒಂದೇ ಒಂದು ವಿಷಯದಲ್ಲಾದ್ರೂ ನನ್ನ ಮಾತು ನಡೀಲಿ ಅನ್ನಿಸ್ತು."

"ಆ ಮಾತು ನಡೆಸಿದ್ದೂ ಕದ್ದು."

"ಅವಳಿಗೆ ಬೇಜಾರಾಗಬಾರದು ಅಂತ..."

"ಅವಳಿಗೆ ಬೇಜಾರು!" ತಂಗಿಯ ದನಿ ಏರಿತು. ಮುಚ್ಚಿದ ಬಾಗಿಲು ನೆನಪಾಗಿ ತಗ್ಗಿಸಿದಳು. "ಆ ಕಡೆ ಒಬ್ಬಳು ನೀರು ಬೇಕು ಅಂತ ಹೇಳೋಕೂ ಗಂಟಲಿಲ್ಲದೆ ಮಲಗಿದ್ದಾಳೆ. ಈ ಕಡೆ ನಿಮ್ಮ ಹೆಂಡತಿ ತನಗೆ ಹುಚ್ಚು ಹಿಡಿದಿದೆ ಅಂದುಕೊಂಡು ಜೈಲಿಗೆ ಸಿದ್ಧವಾಗಿದ್ದಾಳೆ. ನೀವು ಅಂಗಿಗೆ ಇಸ್ತ್ರಿ ಹಾಕ್ತಾ ಕೂತಿದ್ದೀರಿ. ಯಾರ ಅಂಗಿ ಅದು? ಅವಳನ್ನ ಬಿಟ್ಟುಬರೋಕೆ ಹೋಗುವಾಗ ಹಾಕ್ಕೊಳ್ಳೋಕಾ?"

ಭಾವನ ಕಣ್ಣಿಂದ ಒಂದು ಹನಿ ಕೆಳಗಿಳಿಯಿತು. ಒರೆಸಿಕೊಳ್ಳಲು ಕೈಯೆತ್ತಲಿಲ್ಲ. ಅಂಗೈಗಳು ಮೇಜಿಗೆ ಅಂಟಿಕೊಂಡಂತೆ ಹಾಗೇ ಇದ್ದವು.

ತಂಗಿಗೆ ಅಯ್ಯೋ ಎನಿಸಲಿಲ್ಲ. ಇದೇ ಭಾವ ಅವಳಿಗೆ ಸೈಕಲ್ ಕಲಿಸಿದ್ದ, ಹಿಂದಿನ ಸೀಟು ಹಿಡಿದು ಬೀದಿಯುದ್ದಕ್ಕೂ ಓಡಿದ್ದ. ಆ ನೆನಪು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಬರ್ತೀನಿ," ಎಂದ ಭಾವ. "ನಾನೇ ಬಂದು ಪೊಲೀಸರಿಗೆ ಹೇಳ್ತೀನಿ. ಅವಳು ಸಹಿ ಹಾಕೋದು ಬೇಡ. ಆದರೆ ಅವಳಿಗೆ ಮಾತ್ರ ನೀನೇ ಹೇಳು. ನನಗಾಗಲ್ಲ."

ಆಗ ತಂಗಿಯ ಫೋನು ಬಡಿದುಕೊಂಡಿತು. ಥೀಮಿನವನು.

"ಮೇಡಂ, ನೀವೇ ತೆಗೆಸಿದ್ರಾ?"

"ಏನನ್ನ?"

"ಆ ಸಾಲು! ಸೈಟಿನೊಳಗೆ ಯಾರೋ ಬಂದ್ರು. ನಾನು ನೋಡ್ತಾ ಇದ್ದ ಹಾಗೇ ಸಾಲು ಹೋಯ್ತು. ಹೊರಗಿನಿಂದ ತೆರೆದು ನೋಡಿದೆ, ಪೆಟ್ಟಿಗೆ ಎಲ್ಲರಿಗೂ ಕಾಣ್ತಿದೆ. ನಾನಂತೂ ಕೈ ಕೂಡ ಆಡಿಸಿಲ್ಲ ಮೇಡಂ, ದೇವರಾಣೆ."

ತಂಗಿ ತನ್ನ ಕಿವಿಯನ್ನೇ ನಂಬಲಿಲ್ಲ. "ಯಾರ ಲಾಗಿನ್ನು?"

"ನಿಮ್ಮ ಭಾವನದೇ."

ಅವಳು ತಲೆಯೆತ್ತಿದಳು. ಭಾವನ ಎರಡೂ ಕೈ ಮೇಜಿನ ಮೇಲೇ ಇದ್ದವು. ಅವನ ಫೋನು ಇಸ್ತ್ರಿಯ ಹಲಗೆಯ ಮೇಲೆ, ಅಂಗಿಯೊಂದರ ತೋಳಿನಡಿ ಬಿದ್ದಿತ್ತು.

ವಕೀಲರು ಇಷ್ಟು ಹೊತ್ತಿಗೆ ಪೊಲೀಸರ ಕಂಪ್ಯೂಟರಿನವರನ್ನು ಕರೆದುಕೊಂಡು ಹೊರಟಿರುತ್ತಾರೆ. ಅವರು ಬಂದು ತೆರೆದರೆ ಷರತ್ತಿನ ಸಾಲು ಇಲ್ಲ. ಅವರದೇ ಅಚ್ಚಿನಲ್ಲಿ ಇಲ್ಲದ ಎಚ್ಚರಿಕೆ ಈಗ ಪುಟದ ಮೇಲಿದೆ. ಮನೆಯವರೇ ಈಗ ಅವಸರದಲ್ಲಿ ತುರುಕಿದ್ದಾರೆ ಎನ್ನಲು ಇದಕ್ಕಿಂತ ಏನು ಬೇಕು? ಅಕ್ಕನನ್ನು ಉಳಿಸಬಹುದಾಗಿದ್ದ ಒಂದೇ ಸಾಲು ಅದು.

"ನಿಮ್ಮ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೀರಿ?"

"ಯಾರಿಗೂ ಕೊಟ್ಟಿಲ್ಲ."

"ಭಾವ!"

"ಕೊಟ್ಟಿಲ್ಲಮ್ಮ, ನಿನ್ನಾಣೆ..." ಅವನ ಮಾತು ನಿಂತಿತು. ಕಣ್ಣು ನಿಧಾನವಾಗಿ ಒಳಕೋಣೆಯ ಬಾಗಿಲತ್ತ ತಿರುಗಿತು. ಮುಖದಲ್ಲಿ ಉಳಿದಿದ್ದ ಬಣ್ಣವೂ ಇಳಿಯಿತು. ಇಷ್ಟು ಹೊತ್ತಿನಲ್ಲಿ ಅವನ ಮುಖದ ಮೇಲೆ ಅವಳು ಕಂಡ ಮೊದಲ ನಿಜವಾದ ಭಯ ಅದು.

ತಂಗಿ ಬಾಗಿಲು ತಳ್ಳಿದಳು. ಚಿಲಕ ಹಾಕಿರಲಿಲ್ಲ.

ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ತಲೆ ಬಾಚಿ ಗಂಟು ಹಾಕಿದ್ದಳು. ಮಲಗಿ ಎದ್ದ ಕುರುಹು ಹೊದಿಕೆಯ ಮೇಲೂ ಇರಲಿಲ್ಲ, ಮುಖದ ಮೇಲೂ ಇರಲಿಲ್ಲ. ಮಡಿಲಲ್ಲಿ ಭಾವನ ಹಳೆಯ ಲ್ಯಾಪ್‌ಟಾಪು. ಪರದೆಯ ಬೆಳಕಿನಲ್ಲಿ ಕೆಂಪು ಅಂಚಿನ ಪೆಟ್ಟಿಗೆಯೊಂದು ಅವಳ ಕನ್ನಡಕದ ಗಾಜಿನ ಮೇಲೆ ಪುಟ್ಟದಾಗಿ ಬಿದ್ದಿತ್ತು.

"ಬಾಗಿಲು ಹಾಕ್ಕೊಂಡು ಬಾ," ಎಂದಳು ಅಕ್ಕ. ಪೊಲೀಸರ ಮುಂದೆ ಅತ್ತ ದನಿ ಅದಲ್ಲ.

"ಏನು ಮಾಡ್ದೆ ಅಕ್ಕಾ? ನಿನ್ನ ಬಿಡುಗಡೆ ಆ ಸಾಲಿನಲ್ಲಿತ್ತು. ಭಾವ ಒಪ್ಪಿಕೊಂಡ್ರು, ಬಂದು ಹೇಳ್ತೀನಿ ಅಂದ್ರು."

"ಕೇಳಿಸ್ತು. ಇವತ್ತು ಹೇಳ್ತಾರೆ. ಕೇಳಿದವರು ನಂಬಬೇಕಲ್ಲ, ಏನು ತೋರಿಸ್ತಾರೆ? ಸಹಿ ನಾನೇ ಹಾಕ್ತೀನಿ."

ಬರುವ ದಾರಿಯುದ್ದಕ್ಕೂ ತಂಗಿ ಒಂದೇ ಮಾತನ್ನು ಹದ ಮಾಡಿಕೊಂಡು ಬಂದಿದ್ದಳು: ನಿನಗೆ ಭ್ರಮೆಯಲ್ಲ ಅಕ್ಕಾ, ನೀನು ಬರೆದಿದ್ದೆ, ನಿನ್ನ ತಲೆ ಸರಿಯಾಗೇ ಇದೆ. ಆ ಮಾತು ಈಗ ಎಲ್ಲಿ ಇಡುವುದೆಂದು ತಿಳಿಯದೆ ನಿಂತಳು.

"ಆ ಸಾಲು ಅಲ್ಲಿದೆ ಅಂತ ನಿನಗೆ ಗೊತ್ತಿತ್ತಾ?"

ಅಕ್ಕ ಲ್ಯಾಪ್‌ಟಾಪು ಮುಚ್ಚಿದಳು. ಅದರ ಅಂಚು ಹೊದಿಕೆಯ ಗೆರೆಗೆ ಸರಿಯಾಗಿ ಕೂರುವಂತೆ ಬೆರಳ ತುದಿಯಿಂದ ಸರಿಸಿದಳು.

"ಯಾವಾಗಿನಿಂದ ಅಕ್ಕಾ?"

"ಬಚ್ಚಲಿನ ಪೋಸ್ಟ್ ಬರೆಯೋಕೆ ಕೂತೆನಲ್ಲ," ಎಂದಳು ಅಕ್ಕ, "ಅದಕ್ಕೂ ಮುಂಚೆಯಿಂದ."